ಮಗಳಿಗೊಂದು ಪತ್ರ: ಮೊದಲು ಕಾಲು, ಕೊನೆಗೆ ಕೈ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಸೊಂಟ ಹಿಡ್ಕೊಂಡಿದೆ ಅಮ್ಮ, ಈ ರೋಯಿಂಗ್ ಮಷೀನ್ ನನಗೆ ಆಗಿಬರಲ್ಲ, ಯಾರಿಗಾದ್ರೂ ಮಾರಿಬಿಡ್ತೀನಿ" ಅಂದೆಯಲ್ಲ, ಆಗಿನಿಂದ ಅದೇ ಯೋಚನೆ ನನಗೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಸರಿ ಸರಿ ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೂತಲ್ಲೇ ದೋಣಿಗೆ ಹುಟ್ಟು ಹಾಕಿದ ಹಾಗೆ ಹ್ಯಾಂಡಲ್ ಎಳೆಯುವ ಆ ಮಷೀನನ್ನು ಮಾರಬೇಡ. ಇದನ್ನು ಪೂರ್ತಿ ಓದು, ಆಮೇಲೆ ನಿನ್ನಿಷ್ಟ.

ಮೊದಲು ಸೊಂಟದ ವಿಷಯ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ನಾಳೆಯೇ ಡಾಕ್ಟರ್ ಹತ್ತಿರ ಹೋಗು, ಆಫೀಸಿಗೆ ರಜೆ ಹಾಕಿಯಾದರೂ ಹೋಗು. ಬರೀ ಹಿಡಿದುಕೊಂಡ ಹಾಗಿದ್ದರೆ ಮೂರ್ನಾಲ್ಕು ದಿನ ಮಷೀನ್ ಮುಟ್ಟಬೇಡ, ಆದರೆ ಮಲಗಿಕೊಂಡೇ ಇರಬೇಡ, ಮನೆಯಲ್ಲೇ ಓಡಾಡಿಕೊಂಡಿರು.

ಹೋದ ವಾರ ನೀನು ಕಳಿಸಿದ ಫೋಟೊ ಇವತ್ತು ಬೆಳಿಗ್ಗೆ ಮತ್ತೆ ತೆಗೆದು ನೋಡಿದೆ. ನೀನು ತೋರಿಸಲು ಕಳಿಸಿದ್ದು ಪರದೆಯ ಮೇಲಿನ ನಿನ್ನ ವೇಗ, 2:10. ನನ್ನ ಕಣ್ಣು ಹೋಗಿದ್ದು ಮಷೀನಿನ ಫ್ಯಾನ್ ಚಕ್ರದ ಪಕ್ಕದ ಲಿವರ್ ಮೇಲೆ. ಎಲ್ಲಕ್ಕಿಂತ ಮೇಲಿನ 10ರಲ್ಲಿ ಇಟ್ಟಿದ್ದೀಯ.

ನಾನೂ ಹಾಗೇ ಶುರು ಮಾಡಿದವಳು, ನಿನಗೆ ಆಗ ಹೇಳಿರಲಿಲ್ಲ. ಮೊದಲ ದಿನ ಜಿಮ್ಮಿನ ಹುಡುಗ ಲಿವರನ್ನು 10ಕ್ಕೆ ತಳ್ಳಿ "ಜೋರಾಗಿ ಎಳೀರಿ ಮೇಡಂ" ಅಂದು ಬೇರೆಯವರ ಹತ್ತಿರ ಹೋದ. ಎಳೆದೆ. ಮರುದಿನ ಕ್ಲಾಸಿನಲ್ಲಿ ಬೋರ್ಡಿನ ಕೊನೆಯ ಸಾಲು ಬರೆಯಲು ಬಗ್ಗೋಕಾಗಲಿಲ್ಲ. ಮಕ್ಕಳ ಮುಂದೆ ಗೋಡೆ ಹಿಡಿದುಕೊಂಡು ನಿಂತಿದ್ದೆ. ಹದಿನೈದು ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಓದಿ, ನೋಡಿ, ನಿಧಾನವಾಗಿ ಕಲಿತೆ.

ಆ ಲಿವರ್ ಏನು ಮಾಡುತ್ತೆ ಗೊತ್ತಾ? ಅದು ಫ್ಯಾನಿನ ಗೂಡಿಗೆ ಎಷ್ಟು ಗಾಳಿ ನುಗ್ಗಬೇಕು ಅನ್ನೋದನ್ನು ಮಾತ್ರ ತೀರ್ಮಾನಿಸುತ್ತೆ. 10ರಲ್ಲಿ ಇಟ್ಟರೆ ಗಾಳಿ ಜಾಸ್ತಿ, ಚಕ್ರ ಬೇಗ ನಿಧಾನ ಆಗುತ್ತೆ, ಪ್ರತಿ ಸಲವೂ ಮತ್ತೆ ಮೊದಲಿಂದ ಎಬ್ಬಿಸಬೇಕು. ಸೈಕಲ್ಲಿನ ಗೇರ್ ಇದ್ದ ಹಾಗೆ. ಪ್ರತಿ ಎಳೆತದ ನಂತರ ಚಕ್ರ ಎಷ್ಟು ಬೇಗ ನಿಧಾನ ಆಯಿತು ಅಂತ ಮಷೀನೇ ಅಳೆದುಕೊಂಡು ಲೆಕ್ಕ ಹಾಕುತ್ತೆ, ಆದ್ದರಿಂದ ಲಿವರ್ 4ರಲ್ಲಿದ್ದರೂ ನೀನು ಹಾಕಿದ ಶ್ರಮ ಪೂರ್ತಿ ನಿನ್ನ ಲೆಕ್ಕಕ್ಕೇ ಬರುತ್ತೆ, ಒಂದು ಚೂರೂ ಕಳೆದುಹೋಗಲ್ಲ. 3ರಿಂದ 5ರ ಒಳಗೆ ಇಡು. ನಾನು ಇವತ್ತಿಗೂ 4 ದಾಟಿಲ್ಲ.

ಆದರೆ ನಿನ್ನ ಸೊಂಟಕ್ಕೆ ಲಿವರ್ ಒಂದೇ ಕಾರಣ ಅಲ್ಲ ಅಂತ ನನಗನ್ನಿಸುತ್ತೆ. ನೀನು ಕೈಯಿಂದ ಎಳೆಯುತ್ತಿದ್ದೀಯ, ಅಲ್ವಾ? ಎಲ್ಲರೂ ಹಾಗೇ ಎಳೆಯುತ್ತಾರೆ. ಹ್ಯಾಂಡಲ್ ಕೈಗೆ ಕೊಟ್ಟರೆ ಕೈ ತಾನಾಗಿ ಎಳೆಯುತ್ತೆ.

ಊರಿನ ಬಾವಿ ನಿನಗೆ ನೆನಪಿರಲಿಕ್ಕಿಲ್ಲ, ನೀನು ಹುಟ್ಟುವ ಹೊತ್ತಿಗೆ ನಲ್ಲಿ ಬಂದಿತ್ತು. ಅಲ್ಲಿ ನಾನು ನೀರು ಸೇದೋಕೆ ಕಲಿತಾಗ ನನಗೆ ಒಂಬತ್ತೋ ಹತ್ತೋ ವರ್ಷ. ತೋಳಿನಿಂದಲೇ ಎಳೆದು, ಕೊಡ ಅರ್ಧ ಬಾವಿ ಏರುವಷ್ಟರಲ್ಲಿ ಕೈ ಸೋತು ಹಗ್ಗ ಜಾರಿಬಿಡುತ್ತಿತ್ತು. ನಿನ್ನ ಅಜ್ಜಿ ಬಂದು ಹಿಂದೆ ನಿಂತು, "ತೋಳಲ್ಲಿ ಎಳೀಬೇಡ ಕಣೆ, ಕಾಲು ಊರಿ ಮೈಯಲ್ಲಿ ಎಳಿ" ಅಂದರು. ಅವರ ಕೈ ಚಾಚಿಯೇ ಇರುತ್ತಿತ್ತು. ಕಾಲು ನೆಲ ಒತ್ತುತ್ತಿತ್ತು, ಮೈ ಹಿಂದಕ್ಕೆ ವಾಲುತ್ತಿತ್ತು, ಕೈ ಬಾಗುತ್ತಿದ್ದದ್ದು ಕೊನೆಯಲ್ಲಿ. ಎರಡು ತುಂಬಿದ ಕೊಡ ಸೇದಿದರೂ ಏದುಸಿರು ಬರುತ್ತಿರಲಿಲ್ಲ ಅವರಿಗೆ.

ಈ ಮಷೀನೂ ಅದೇ. ಮುಂದೆ ಬಂದಾಗ ಮೊಣಕಾಲ ಕೆಳಗಿನ ಭಾಗ ನೆಟ್ಟಗೆ ನಿಲ್ಲಬೇಕು, ಅದಕ್ಕಿಂತ ಮುಂದೆ ನುಗ್ಗಬೇಡ. ಬೆನ್ನು ಬಾಗಿಸದೆ ಸೊಂಟದ ಕೀಲಿನಿಂದ ಮುಂದಕ್ಕೆ ಬಗ್ಗು. ಕೈ ಚಾಚಿರಲಿ. ಈಗ ಕಾಲಿನಿಂದ ಒತ್ತು, ಎಳೀಬೇಕು ಅನ್ನೋದನ್ನೇ ಮರೆತು ಬರೀ ಒತ್ತು. ಕಾಲು ಹೆಚ್ಚುಕಡಿಮೆ ನೇರ ಆದ ಮೇಲೆ ಮೈ ಸ್ವಲ್ಪ ಹಿಂದಕ್ಕೆ ವಾಲಲಿ, ಗಡಿಯಾರದ ಮುಳ್ಳು 1ರಿಂದ 12 ದಾಟಿ 11ಕ್ಕೆ ವಾಲಿದಷ್ಟು, ಅಷ್ಟೇ ಸಾಕು. ಕಟ್ಟಕಡೆಗೆ ಕೈ, ಹ್ಯಾಂಡಲ್ ಪಕ್ಕೆಲುಬಿನ ಕೆಳತುದಿಗೆ ಬರಲಿ. ವಾಪಸ್ ಹೋಗುವಾಗ ಎಲ್ಲ ತಿರುಗಾಮುರುಗ: ಕೈ ಮೊದಲು ಹೋಗಲಿ, ಮೈ ಮುಂದಕ್ಕೆ ಬಗ್ಗಲಿ, ಹ್ಯಾಂಡಲ್ ಮೊಣಕಾಲು ದಾಟಿದ ಮೇಲೆಯೇ ಮೊಣಕಾಲು ಮಡಚು. ನೀನು ಮೊಣಕಾಲನ್ನು ಬೇಗ ಮಡಚುತ್ತೀಯ ಅಂತ ನನ್ನ ಅನುಮಾನ, ಚೈನು ಮೊಣಕಾಲಿನ ಮೇಲೆ ಹಾರಿ ಹೋಗುತ್ತಿದ್ದರೆ ಅದೇ ಗುರುತು. ಪಾದದ ಪಟ್ಟಿಯನ್ನೂ ನೋಡಿಕೋ. ಅದು ಬೆರಳುಗಳ ಬುಡದ ಹತ್ತಿರ, ಪಾದ ಅಗಲ ಇರುವ ಕಡೆ ಬರಬೇಕು.

ಇನ್ನೊಂದು, ವಾಪಸ್ ಬರುವಾಗ ಆತುರ ಬೇಡ. ಒತ್ತೋಕೆ ಒಂದು ಎಣಿಕೆ, ಬರೋಕೆ ಎರಡು ಎಣಿಕೆ. ನನಗೆ ಇದು ಸಿಕ್ಕಲು ಒಂದು ತಿಂಗಳು ಹಿಡಿಯಿತು, ಆದರೆ ಸಿಕ್ಕ ದಿನ ಉಸಿರು ತಾನಾಗಿ ಲಯಕ್ಕೆ ಬಂತು, ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸುಖ ಅನ್ನಿಸಿತು. ನೀನು ಬೆಂಗಳೂರಿನಲ್ಲೇ ಇದ್ದೀಯಲ್ಲ, ಯಾವತ್ತಾದರೂ ಬೆಳಿಗ್ಗೆ ಹಲಸೂರು ಕೆರೆ ಕಡೆ ಹೋಗು. ಸೈನ್ಯದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿ ದೋಣಿ ಅಭ್ಯಾಸ ಮಾಡುತ್ತಾರೆ. ಹುಟ್ಟು ಹಾಕಿದ ಮೇಲೆ ಅವರು ಎಷ್ಟು ತಾಳ್ಮೆಯಿಂದ ಮುಂದೆ ಬರುತ್ತಾರೆ ನೋಡು. ಅವರು ಮುಂದೆ ಸರಿಯುವಾಗಲೇ ದೋಣಿ ನೀರಿನ ಮೇಲೆ ಜಾರಿ ಹೋಗುತ್ತಿರುತ್ತೆ. ಆತುರಪಟ್ಟು ನುಗ್ಗಿದರೆ ಅವರ ಭಾರವೇ ದೋಣಿಯನ್ನು ತಡೆಯುತ್ತೆ. ನಿನ್ನ ಮಷೀನೂ ಅಂಥವರಿಗಾಗಿಯೇ ಹುಟ್ಟಿದ್ದು. ಅಮೆರಿಕದ ವರ್ಮಾಂಟಿನಲ್ಲಿ ಡ್ರೈಸಿಗ್ಯಾಕರ್ ಅಂತ ಅಣ್ಣತಮ್ಮಂದಿರು, ದೋಣಿ ನಡೆಸುವವರು, ಚಳಿಗಾಲದಲ್ಲೂ ಅಭ್ಯಾಸ ಬಿಡಬಾರದು ಅಂತ ಹಳೇ ಸೈಕಲ್ಲನ್ನು ನೆಲಕ್ಕೆ ಬಿಗಿದು ಅದರ ಚೈನು ಎಳೆಯುತ್ತಿದ್ದರಂತೆ. 1981ರಲ್ಲಿ ಅವರ ಕಾನ್ಸೆಪ್ಟ್2 ಕಂಪನಿ ಮಾರಿದ ಮೊದಲ ಮಷೀನಿನಲ್ಲಿ ಇದ್ದದ್ದು ಸೈಕಲ್ ಚಕ್ರವೇ.

ದೋಣಿ ಸ್ಪರ್ಧಿ ದತ್ತು ಭೋಕನಾಳ್ ಅವರ ಕತೆ ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುತ್ತಿರುತ್ತೇನೆ. ನಾಸಿಕ್ ಕಡೆಯ ಬರದ ಊರಿನವರು, ಅಪ್ಪನ ಜೊತೆ ಬಾವಿ ತೋಡುವ ಕೂಲಿ ಮಾಡಿದವರು. 2012ರಲ್ಲಿ ಸೈನ್ಯ ಸೇರಿದ ಮೇಲೆಯೇ ಹುಟ್ಟು ಹಿಡಿದದ್ದು. ನಾಲ್ಕೇ ವರ್ಷಕ್ಕೆ, 2016ರಲ್ಲಿ, ರಿಯೋ ಒಲಿಂಪಿಕ್ಸಿನಲ್ಲಿ ಒಬ್ಬರೇ ದೋಣಿ ನಡೆಸುವ ಸ್ಪರ್ಧೆಯಲ್ಲಿ 13ನೆಯವರಾದರು. ಈ ಕತೆ ಹೇಳುವಾಗೆಲ್ಲ ನನಗೆ ಅಜ್ಜಿಯ ಬಾವಿ ನೆನಪಾಗುತ್ತೆ.

ಈಗ ಆ 2:10. ಅದು 500 ಮೀಟರ್‌ಗೆ ತಗಲುವ ಹೊತ್ತು, ಎರಡು ನಿಮಿಷ ಹತ್ತು ಸೆಕೆಂಡ್, ನಿನಗೂ ಗೊತ್ತು. ಆದರೆ ಅದರ ಲೆಕ್ಕ ಸಾದಾ ಅಲ್ಲ ಪುಟ್ಟಿ. 2:30ಕ್ಕೆ ಸುಮಾರು 104 ವ್ಯಾಟ್ ಬೇಕು. 2:00ಕ್ಕೆ 203. ಅರ್ಧ ನಿಮಿಷ ಕಡಿಮೆ ಮಾಡೋಕೆ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ. ಒಂದು ನಿಮಿಷ 2:10ರಲ್ಲಿ ಎಳೆದು ಕುಸಿದು ಕೂರೋದಕ್ಕಿಂತ 2:50ರಲ್ಲಿ ಇಪ್ಪತ್ತು ನಿಮಿಷ ಮಾಡುವುದೇ ನಿನ್ನ ಎದೆಗೂ ಉಸಿರಿಗೂ ಒಳ್ಳೆಯದು. ನಾನು ಮೊದಲು 500 ಮೀಟರ್‌ಗೆ 3:10 ತೆಗೆದುಕೊಂಡಿದ್ದೆ, ಅದಾದ ಮೇಲೆ ಮಾತಾಡಲು ಆಗುತ್ತಿರಲಿಲ್ಲ. ಹೋದ ತಿಂಗಳು 5000 ಮೀಟರ್ ಸರಿಯಾಗಿ 28 ನಿಮಿಷದಲ್ಲಿ ಮುಗಿಸಿದೆ, ಅಂದರೆ ಸರಾಸರಿ 2:48. ಮೂರು ಮಹಡಿ ಹತ್ತಿ ಸ್ಟಾಫ್ ರೂಮಿಗೆ ಹೋಗುವಾಗ ಈಗ ನಡುವೆ ನಿಲ್ಲುವುದಿಲ್ಲ. ನನಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ, ನಿಜವಾಗಿ ಹೇಳುತ್ತೇನೆ.

ಸೊಂಟ ಸರಿಹೋದ ಮೇಲೆ ವಾರಕ್ಕೆ ಮೂರು ದಿನ ಸಾಕು. ಮೊದಲ ವಾರ ಹತ್ತೇ ನಿಮಿಷ, ಆಮೇಲೆ ಇಪ್ಪತ್ತಕ್ಕೆ ಏರಿಸು, ನಿಮಿಷಕ್ಕೆ 20ರಿಂದ 22 ಸ್ಟ್ರೋಕ್, ಅಂದರೆ ಎಳೆತ. ಮಾಡುತ್ತಾ ನನ್ನ ಜೊತೆ ಫೋನಿನಲ್ಲಿ ಮಾತಾಡುವ ಹಾಗಿರಬೇಕು, ಅಷ್ಟು ನಿಧಾನ. ಒಂದು ತಿಂಗಳು ಕಳೆದ ಮೇಲೆ ಮೂರರಲ್ಲಿ ಒಂದು ದಿನ ಮಾತ್ರ ಒಂದು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಆರು ಸಲ. ಬೆಳಗಿನ ವಾಕಿಂಗ್ ಬಿಡಬೇಡ. ಇದು ಕೂತು ಮಾಡುವ ವ್ಯಾಯಾಮ, ಮಂಡಿಗೆ ಹಿತ ನಿಜ, ಆದರೆ ಮೂಳೆ ಗಟ್ಟಿಯಾಗಲು ಮೈಭಾರ ಹೊತ್ತು ನಡೆಯಲೇಬೇಕು, ಹೆಣ್ಣುಮಕ್ಕಳಿಗಂತೂ ಅದು ತುಂಬ ಮುಖ್ಯ. ಅಂಗೈಯಲ್ಲಿ ಗುಳ್ಳೆ ಬಂದರೆ ಹ್ಯಾಂಡಲ್ ಬಿಗಿ ಹಿಡಿಯುತ್ತಿದ್ದೀಯ ಅಂತ ಅರ್ಥ, ಬೆರಳಲ್ಲಿ ಕೊಕ್ಕೆ ಹಾಕಿದ ಹಾಗೆ ಹಿಡಿ. ಮುಗಿದ ಮೇಲೆ ಸೀಟು ಓಡುವ ಕಂಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸು.

ಮುಂದಿನ ಸಲ ಕೂತಾಗ ಫೋನನ್ನು ಸೀಟಿನ ಎತ್ತರಕ್ಕೆ, ಪಕ್ಕದಿಂದ ಕಾಣುವ ಹಾಗೆ ಇಟ್ಟು ಎರಡು ನಿಮಿಷದ ವಿಡಿಯೊ ಮಾಡಿ ಕಳಿಸು. ಪರದೆಯ ಫೋಟೊ ಬೇಡ. ನಿನ್ನ ಮೊಣಕಾಲು ಯಾವಾಗ ಮಡಚುತ್ತೆ ಅಂತ ನಾನು ನೋಡಬೇಕು.

ನಿನ್ನ,
ಅಮ್ಮ