ಮಲಗಿ ನೋಡಿದರೆ ಮನೆ ಬೇರೆಯೇ ಕಾಣುತ್ತದೆ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಬಂದಿದ್ದ, ಆರೋಗ್ಯಕ್ಕೆ ಒಗ್ಗುವ ಒಳಾಂಗಣದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಧ್ಯಾನಕ್ಕೊಂದು ಮೂಲೆ, ಬಿದಿರಿನ ಕುರ್ಚಿ, ಸುವಾಸನೆಯ ಮೇಣದಬತ್ತಿ, ಗೋಡೆಗೆ ತಿಳಿ ಹಸಿರು, ಎಲ್ಲಿ ನೋಡಿದರೂ ಕುಂಡ. ಎರಡನೇ ಸಲ ನೋಡುವಾಗ ಒಂದು ಗಮನಕ್ಕೆ ಬಂತು. ಅಷ್ಟೂ ಫೋಟೊಗಳನ್ನು ಬಾಗಿಲ ಹತ್ತಿರ ನಿಂತು ತೆಗೆದಿದ್ದಾರೆ. ಆ ಕೋಣೆಯಲ್ಲಿ ಮಲಗುವವರಿಗೆ, ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ, ರಾತ್ರಿ ಕತ್ತಲಲ್ಲಿ ಬಾತ್‌ರೂಮಿಗೆ ಏಳುವವರಿಗೆ ಅದು ಹೇಗಿರುತ್ತದೆ ಅನ್ನೋದು ಒಂದರಲ್ಲೂ ಇಲ್ಲ.

ಇದು ನನಗೆ ಹೊಳೆದದ್ದು ಬುದ್ಧಿವಂತಿಕೆಯಿಂದ ಅಲ್ಲ. ಕಳೆದ ವರ್ಷ ಕಾಲು ಮುರಿದುಕೊಂಡು ಏಳು ವಾರ ಹಾಸಿಗೆ ಹಿಡಿದಿದ್ದೆ. ಅದಕ್ಕೆ ಆರು ತಿಂಗಳ ಮುಂಚೆಯಷ್ಟೇ ಅದೇ ಕೋಣೆಗೆ ಇಂಟೀರಿಯರ್ ಮಾಡಿಸಿದ್ದೆವು. ಬಂದವರೆಲ್ಲ ಹೋಟೆಲ್ ರೂಮಿನ ಹಾಗಿದೆ ಎಂದು ಹೊಗಳಿದ್ದರು, ನಾವೂ ಬೀಗಿದ್ದೆವು. ಮಲಗಿದ ಮೊದಲ ಸಂಜೆಯೇ ಬಣ್ಣ ಬಯಲಾಯ್ತು. ಫಾಲ್ಸ್ ಸೀಲಿಂಗಿನ ಎಂಟು ಸ್ಪಾಟ್ ಲೈಟ್‌ಗಳಲ್ಲಿ ನಾಲ್ಕು ನೇರವಾಗಿ ನನ್ನ ಕಣ್ಣಿಗೇ ಹೊಡೆಯುತ್ತಿದ್ದವು. ಎಂಟಕ್ಕೂ ಒಂದೇ ಸ್ವಿಚ್, ಅದೂ ಬಾಗಿಲ ಪಕ್ಕದಲ್ಲಿ. ಹಾಕಿದರೆ ಕಣ್ಣು ಕುಕ್ಕುತ್ತದೆ, ಆರಿಸಿದರೆ ಪೂರಾ ಕತ್ತಲು, ಯಾವುದು ಬೇಕೆಂದರೂ ಯಾರನ್ನಾದರೂ ಕೂಗಬೇಕು. ಕಿಟಕಿ ತಲೆಯ ಹಿಂದೆ ಉಳಿದಿತ್ತು. ಮೊದಲ ನಾಲ್ಕು ವಾರ ನನ್ನ ಎದುರಿಗಿದ್ದದ್ದು ವಾರ್ಡ್‌ರೋಬಿನ ಹೊಳೆಯುವ ಬಾಗಿಲು, ಅದರಲ್ಲಿ ಗಡ್ಡ ಬೆಳೆದ ನನ್ನದೇ ಮುಖ.

ಇಂಟೀರಿಯರ್ ಮಾಡಿದವರನ್ನು ಬೈಯುತ್ತಿಲ್ಲ. ಲ್ಯಾಮಿನೇಟ್ ಬಣ್ಣದ ಬಗ್ಗೆ ಅವರು ನೂರು ಸಲ ಕೇಳಿದರು, ಯಾವ ಕಡೆ ತಲೆ ಹಾಕಿ ಮಲಗುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ, ನಿಜ. ಆದರೆ ನಾವೂ ಹೇಳಲಿಲ್ಲವಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಹೀಗೇ ಬೇಕು ಅಂದೆವು, ಹಾಗೇ ಮಾಡಿಕೊಟ್ಟರು.

ಹಾಸಿಗೆಯಲ್ಲಿ ಟೈಂ ಜಾಸ್ತಿ ಇತ್ತು, ಸಿಕ್ಕಿದ್ದೆಲ್ಲ ಓದಿದೆ. ಹಾಗೆ ಸಿಕ್ಕಿದ್ದು ಫಿನ್ಲೆಂಡಿನ ಪೈಮಿಯೊ ಆಸ್ಪತ್ರೆಯ ವಿಷಯ. ಕ್ಷಯರೋಗಿಗಳಿಗಾಗಿ ಆಲ್ವಾರ್ ಆಲ್ಟೊ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು, ಕಟ್ಟಿ ಮುಗಿದದ್ದು 1933ರಲ್ಲಿ. ಕ್ಷಯವನ್ನು ಕೊಲ್ಲುವ ಔಷಧಿ ಆಗಿನ್ನೂ ಬಂದಿರಲಿಲ್ಲ. ಒಳ್ಳೆ ಗಾಳಿ, ಬಿಸಿಲು, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅಂದರೆ ಕಟ್ಟಡವೇ ಔಷಧಿ. ಆಲ್ಟೊ ಶುರು ಮಾಡಿದ್ದು ರೋಗಿ ದಿನವಿಡೀ ಮಲಗಿರುತ್ತಾನೆ ಎಂಬಲ್ಲಿಂದ. ಮಲಗಿದವನಿಗೆ ಚಾವಣಿಯೇ ಎದುರುಗೋಡೆ ಅಲ್ವಾ, ಹಾಗಾಗಿ ಚಾವಣಿಗೆ ಬೆಳ್ಳಗೆ ಹೊಳೆಯುವ ಬಣ್ಣ ಬಿಟ್ಟು ಕಣ್ಣಿಗೆ ತಂಪಾದ ಗಾಢ ಬಣ್ಣ ಬಳಿಸಿದ. ದೀಪವನ್ನು ಮಲಗಿದವನ ನೋಟಕ್ಕೆ ಸಿಗದ ಕಡೆ ಇಟ್ಟ. ಒಂದು ಕೋಣೆಯಲ್ಲಿ ಇಬ್ಬರು, ಇಬ್ಬರಿಗೂ ಬೇರೆ ಬೇರೆ ವಾಶ್ ಬೇಸಿನ್. ನೀರು ಓರೆಯಾಗಿ ಬಿದ್ದು ಸದ್ದಾಗದ ಹಾಗೆ ಆ ಬೇಸಿನ್ನಿನ ಆಕಾರ, ಒಬ್ಬ ಕೈ ತೊಳೆದರೆ ಇನ್ನೊಬ್ಬನ ನಿದ್ದೆ ಕೆಡಬಾರದು ಎಂದು. ತೊಂಬತ್ತು ವರ್ಷದ ಹಿಂದೆ! ಇದನ್ನು ಓದುವಾಗ ಮೇಲಿನ ನಾಲ್ಕು ಸ್ಪಾಟ್ ಲೈಟ್‌ಗಳು ನನ್ನನ್ನೇ ನೋಡಿ ನಗುತ್ತಿದ್ದವು.

ಕಿಟಕಿಯ ವಿಷಯಕ್ಕೆ ಬಂದರೆ, ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಪಿತ್ತಕೋಶದ ಆಪರೇಷನ್ ಆದ 46 ಜನರ ಆಸ್ಪತ್ರೆ ದಾಖಲೆಗಳನ್ನು ಆತ ಜೋಡಿ ಮಾಡಿ ಹೋಲಿಸಿದ. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಕಡುನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯ್ತು. ಸಣ್ಣ ಅಧ್ಯಯನವೇ, ಒಂದೇ ಆಸ್ಪತ್ರೆಯದ್ದು, ಒಪ್ಪುತ್ತೇನೆ. ಆದರೂ ನಾನು ಐದನೇ ವಾರದಲ್ಲಿ ಮನೆಯವರಿಗೆ ಹೇಳಿ ಮಂಚವನ್ನೇ ತಿರುಗಿಸಿಕೊಂಡೆ. ಪಕ್ಕದ ಮನೆಯ ಮರದ ಒಂದು ಕೊಂಬೆ ಕಾಣತೊಡಗಿತು, ಅಷ್ಟೇ. ಮೂಳೆ ಅದರಿಂದ ಬೇಗ ಕೂಡಿತೋ ಇಲ್ಲವೋ, ನನ್ನ ಸಿಡುಕಂತೂ ಕಡಿಮೆಯಾಯಿತು ಎಂದು ಮನೆಯವರ ಸಾಕ್ಷಿ ಇದೆ.

ಬರೀ ನೋಟವಲ್ಲ, ಕಿಟಕಿಯಿಂದ ಬರುವ ಬೆಳಕಿಗೂ ಬೇರೆ ಕೆಲಸ ಇದೆ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ, ಈಗ ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸಲೆಂದೇ ಕೆಲವು ಜೀವಕೋಶಗಳಿವೆ. ಇವು ನೀಲಿ ಛಾಯೆಯ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಮೋಡ ಮುಸುಕಿದ ದಿನವೂ ಹೊರಗೆ ಸಾವಿರಾರು ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಎಂಬುದರ ಅಳತೆ) ಬೆಳಕಿರುತ್ತದೆ, ಮನೆಯೊಳಗೆ ಲೈಟ್ ಹಾಕಿದರೂ ಸಾಮಾನ್ಯವಾಗಿ ಇನ್ನೂರು ಮುನ್ನೂರು ದಾಟುವುದಿಲ್ಲ. ಹಗಲೆಲ್ಲ ದಪ್ಪ ಪರದೆ ಎಳೆದು ಕೂತು, ರಾತ್ರಿ ಹನ್ನೊಂದರ ತನಕ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಳ್ಳನೆ ಎಲ್ಇಡಿ ಕೆಳಗೆ ಇದ್ದರೆ, ಪಾಪ, ಮೆದುಳಿಗೆ ಹೊತ್ತು ಮುಳುಗಿದ್ದು ಹೇಗೆ ಗೊತ್ತಾಗಬೇಕು? ಮಲಗುವ ಕೋಣೆಗೆ 2700ರ ಹಳದಿ ಬಲ್ಬ್ ಸಾಕು, ಅಂಕಿ ಡಬ್ಬಿಯ ಮೇಲೇ ಬರೆದಿರುತ್ತದೆ. ಅದಕ್ಕಿಂತ ಮುಖ್ಯ, ವೈರಿಂಗ್ ಮಾಡುವಾಗಲೇ ಲೈಟ್‌ಗಳನ್ನು ಎರಡು ಮೂರು ಸ್ವಿಚ್‌ಗೆ ಹಂಚಿ, ಒಂದು ಸ್ವಿಚ್ ಮಂಚದ ಕೈಗೆ ಸಿಗುವಂತೆ ಇಡಿಸಿಕೊಳ್ಳಿ. ಆಮೇಲೆ ಗೋಡೆ ಒಡೆಸುವ ಮನಸ್ಸು ಯಾರಿಗೂ ಬರಲ್ಲ.

ಈಗ ಗಾಳಿ. ನಿಮ್ಮ ಲೇಖನದ ಮೇಲೆ ನನಗೆ ನಿಜವಾದ ತಕರಾರು ಇರುವುದು ಇಲ್ಲಿ. ಕುಂಡದ ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ಬರೆದಿದ್ದೀರಿ. ಈ ಮಾತು ಹುಟ್ಟಿದ್ದು ನಾಸಾದ 1989ರ ಒಂದು ಪ್ರಯೋಗದಿಂದ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. ಅಂಥ ಹಲವು ಪ್ರಯೋಗಗಳ ಲೆಕ್ಕವನ್ನು 2019ರಲ್ಲಿ ಇಬ್ಬರು ವಿಜ್ಞಾನಿಗಳು ಮತ್ತೆ ಹಾಕಿ ನೋಡಿದರು. ಕಟ್ಟಡದಲ್ಲಿ ಸಹಜವಾಗಿ ಒಳಗೆ ಹೊರಗೆ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1000 ಗಿಡ ಬೇಕಂತೆ. ಅಷ್ಟು ಇಟ್ಟರೆ ನಾವು ಹೊರಗೆ ಮಲಗಬೇಕು. ಗಿಡ ಬೇಡ ಅಂತಲ್ಲ, ಹಸಿರು ಕಣ್ಣಿಗೆ ಹಿತ, ನೀರು ಹಾಕುವುದು ಮನಸ್ಸಿಗೆ ಹಿತ. ಆದರೆ ಗಿಡ ಇದೆ ಎಂದು ಕಿಟಕಿ ಮುಚ್ಚಿಟ್ಟರೆ ಲುಕ್ಸಾನು.

ಮತ್ತೆ, ಗಾಳಿ ಕೆಡಿಸುವುದೇನು? ಬಹಳ ಸಲ ಆ ಇಂಟೀರಿಯರೇ. ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳಲ್ಲಿ ಮರದ ಪದರ, ಪುಡಿಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಸೆಖೆ, ತೇವ ಹೆಚ್ಚಿದಷ್ಟೂ ಅದೂ ಹೆಚ್ಚು. ಕಣ್ಣುರಿ, ಗಂಟಲು ಕೆರೆತ ಇದರ ಸಾಮಾನ್ಯ ಕಾಟ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಾವು ಅದನ್ನು ಹೊಸ ವಾರ್ಡ್‌ರೋಬಿನ ವಾಸನೆ ಎಂದು ಖುಷಿಯಿಂದ ಮೂಸುತ್ತೇವೆ, ಆಮೇಲೆ ಅದನ್ನು ಮುಚ್ಚಲು ಸುವಾಸನೆಯ ಮೇಣದಬತ್ತಿ ಹಚ್ಚಿ ಅದರ ಹೊಗೆಯನ್ನೂ ಸೇರಿಸುತ್ತೇವೆ. ಬೋರ್ಡ್ ಕೊಳ್ಳುವಾಗ ಇ1 ಅಥವಾ ಅದಕ್ಕಿಂತ ಕಡಿಮೆ ಅನಿಲ ಬಿಡುವ ದರ್ಜೆಯದ್ದೇ ಎಂದು ಕೇಳಬಹುದು. ಕತ್ತರಿಸಿದ ಅಂಚುಗಳನ್ನೆಲ್ಲ, ಒಳಗಿನ ಕಾಣದ ಅಂಚುಗಳನ್ನೂ, ಎಡ್ಜ್ ಬ್ಯಾಂಡ್ ಎಂಬ ಪಟ್ಟಿ ಹಾಕಿ ಮುಚ್ಚಿಸಬಹುದು. ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು ಆಮೇಲೆ ಅಲ್ಲಿ ಮಲಗಬಹುದು. ನಾವು ಮಾಡಿದ್ದು, ಪೇಂಟ್ ಒಣಗಿದ ಮರುದಿನವೇ ಎಸಿ ಹಾಕಿ ಬಾಗಿಲು ಮುಚ್ಚಿ ಮಲಗಿದ್ದು.

ಎಸಿ ಎಂದಾಗ ಇನ್ನೊಂದು. ಗೋಡೆಗೆ ಹಾಕುವ ಸಾಮಾನ್ಯ ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಭಾಗ. ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಅದು ಸಾವಿರ ದಾಟುವುದು ಏನೂ ಕಷ್ಟವಲ್ಲ. ಎದ್ದಾಗ ತಲೆ ಭಾರ ಎಂದು ದಿಂಬು ಬದಲಿಸುವ ಮುಂಚೆ, ಒಂದು ರಾತ್ರಿ ಕಿಟಕಿ ಸ್ವಲ್ಪ ತೆರೆದು ನೋಡಿ.

ಸದ್ದಿನ ಬಗ್ಗೆ ಜಾಸ್ತಿ ಹೇಳಲ್ಲ. ಬರಿಯ ಟೈಲ್ಸ್, ಗಾಜು, ಖಾಲಿ ಗೋಡೆ ಇರುವ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ದಪ್ಪ ಬಟ್ಟೆಯ ಪರದೆ, ಪುಸ್ತಕ ತುಂಬಿದ ಕಪಾಟು ಅದನ್ನು ನುಂಗುತ್ತವೆ.

ಇದೆಲ್ಲ ದುಡ್ಡಿದ್ದವರ ಚಿಂತೆ ಅನ್ನಿಸಬಹುದು. ಹಾಗೇನಿಲ್ಲ. ಮೆಕ್ಸಿಕೊದಲ್ಲಿ ಸರ್ಕಾರ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸಿಕೊಟ್ಟ ಒಂದು ಯೋಜನೆ ಇದೆ. ಅದರ ಪರಿಣಾಮದ ಅಧ್ಯಯನ 2009ರಲ್ಲಿ ಬಂತು. ಮಕ್ಕಳ ಹೊಟ್ಟೆಹುಳ, ಭೇದಿ, ರಕ್ತಹೀನತೆ ಕಡಿಮೆಯಾಗಿದ್ದವು. ತಾಯಂದಿರ ಖಿನ್ನತೆ, ಒತ್ತಡ ಕೂಡ ಇಳಿದಿತ್ತು. ದೇಹ ಮನಸ್ಸು ಎರಡಕ್ಕೂ ಒಳ್ಳೆಯದು ಅಂತೀವಲ್ಲ, ಅದು ಬಂದದ್ದು ಧ್ಯಾನದ ಮೂಲೆಯಿಂದಲ್ಲ, ನೆಲದಿಂದ. ಮಗು ಇರುವುದೇ ನೆಲದ ಮೇಲೆ ಅಲ್ವಾ.

ನೆಲ ಅಂದರೆ ಬಾತ್‌ರೂಮೂ ಬಂತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದರಲ್ಲಿ ವಯಸ್ಸಾದವರೇ ಹೆಚ್ಚು. ಕನ್ನಡಿಯಂಥ ಟೈಲ್ಸ್ ಫೋಟೊದಲ್ಲಿ ಚಂದ, ಒದ್ದೆ ಕಾಲಿಗೆ ಅಲ್ಲ. ನನ್ನ ಕಾಲು ಮುರಿದದ್ದೂ ಅಲ್ಲೇ. ಹಿಡಿಯಲು ಗೋಡೆಗೆ ಒಂದು ಕಂಬಿ ಹಾಕಿಸೋಣ ಎಂಬ ಮಾತು ಬಂದಿತ್ತು, ಆಸ್ಪತ್ರೆಯ ಥರ ಕಾಣುತ್ತೆ ಎಂದು ನಾನೇ ಬೇಡ ಅಂದಿದ್ದೆ.

ಈಗ ಕಂಬಿ ಇದೆ. ನಾಲ್ಕು ಸ್ಪಾಟ್ ಲೈಟ್ ಬಿಚ್ಚಿಸಿ ತೂತುಗಳನ್ನು ಮುಚ್ಚಿಸಿದ್ದೇವೆ, ಕಲೆ ಸ್ವಲ್ಪ ಕಾಣುತ್ತದೆ. ಒಂದು ಕೋರಿಕೆ. ಮುಂದಿನ ಸಲ ಇಂಥ ಲೇಖನ ಹಾಕುವಾಗ, ಫೋಟೊ ತೆಗೆಯುವವರಿಗೆ ಒಂದು ನಿಮಿಷ ಆ ಮಂಚದ ಮೇಲೆ ಮಲಗಿ, ಅಲ್ಲಿಂದ ಒಂದು ಚಿತ್ರ ತೆಗೆಯಲು ಹೇಳಿ. ಅದನ್ನೂ ಪಕ್ಕದಲ್ಲೇ ಅಚ್ಚು ಹಾಕಿ.

ಇತಿ,
ನಿಮ್ಮ ಹಳೆಯ ಓದುಗ