ರ‍್ಯಾಲಿಗೆ ಹಳೇ ಕಾರು: ಭಾನುವಾರ ನೋಡಲು ಹೋಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ರ‍್ಯಾಲಿ ಕಾರಿಗೆ ದುಡ್ಡು ಹಾಕಿರುವವರು ದಯವಿಟ್ಟು ಪೂರ್ತಿ ಓದಿ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಕಾರು ನೋಡಲು ಹೋಗುತ್ತಿದ್ದೇವೆ.

ಮೊದಲು ಬಾಡಿ ನೋಡೋಣ, ಆಮೇಲೆ ಎಂಜಿನ್. ಎಂಜಿನ್ ಸವೆದಿದ್ದರೆ ಬೇರೆ ಕೂರಿಸಬಹುದು. ಬಾಡಿಯನ್ನೇ ತುಕ್ಕು ತಿಂದಿದ್ದರೆ ಆ ಕಾರು ಬೇಡವೇ ಬೇಡ. ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ತುದಿ ಕೂರುವ ಜಾಗ, ಮ್ಯಾಟ್ ಕೆಳಗಿನ ನೆಲ ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಒಳ್ಳೇ ತಗಡು ಟಣ್ ಅನ್ನುತ್ತದೆ. ಪುಟ್ಟಿ ಮೆತ್ತಿದ್ದರೆ ಸದ್ದು ಮಂಕು. ಕಾರು ಮಗುಚಿದರೆ ಒಳಗಿರುವವರನ್ನು ಕಾಯುವ ಪೈಪಿನ ಚೌಕಟ್ಟು, ಅಂದರೆ ರೋಲ್ ಕೇಜಿನ ಕಾಲು ನಿಲ್ಲುವುದು ಅದೇ ನೆಲದ ಮೇಲೆ, ಅಲ್ವಾ?

ಕೆಲವರಿಗೆ ಟರ್ಬೊ ಇರುವ ಸುಬಾರು ಇಂಪ್ರೇಜಾ ಕಾರಿನ ಮೇಲೆ ಕಣ್ಣು. ಚಂದವೇ, ಆದರೆ ಗೇರ್‌ಬಾಕ್ಸ್ ಒಡೆದರೆ ಜೇಬು ಖಾಲಿ. ಮೊದಲ ಕಾರಿಗೆ ಹಳೇ ಫೋಕ್ಸ್‌ವ್ಯಾಗನ್ ಗಾಲ್ಫ್ ಥರದ, ಟರ್ಬೊ ಇಲ್ಲದ, ಫ್ರಂಟ್ ವೀಲ್ ಡ್ರೈವ್ ಸಾಕು ಅಂತ ನನ್ನ ಅಭಿಪ್ರಾಯ. ಡ್ರೈವ್ ಶಾಫ್ಟ್, ವೀಲ್ ಬೇರಿಂಗ್ ಗುಜರಿಯಲ್ಲೂ ಸಿಗುವಂಥ ಕಾರಾಗಿರಲಿ. ಅವು ಜಾಸ್ತಿ ಕೆಡುತ್ತವೆ.

ಮಾರುವವರು "ಕೇಜ್ ಇದೆ" ಅಂದರೆ ಸುಮ್ನೆ ನಂಬಬೇಡಿ, ಅಳತೆ ಕೇಳಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಕೇಜಿನ ಮುಖ್ಯ ಪೈಪು (ಮುಂದಿನ ಸೀಟಿನ ಹಿಂದಿರುವ ಕಮಾನು) ಕನಿಷ್ಠ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ ಇರಬೇಕು. ನಾವು ಇಳಿಯುವ ಕ್ಲಾಸಿನ (ಸ್ಪರ್ಧೆಯ ವಿಭಾಗದ) ನಿಯಮ ಓದುವವರೆಗೆ ಯಾರೂ ಮುಂಗಡ ಕೊಡಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಜಾಕ್, ಟಾರ್ಚ್, ಪುಟ್ಟಿ ಪತ್ತೆಗೆ ಆಯಸ್ಕಾಂತ ಯಾರ ಹತ್ತಿರ ಇದೆ ಅಂತಲೂ ತಿಳಿಸಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ!