ಗಣಪು, ಎಂಟೇ ಜನ ಅಂದಿದ್ದೆ ನೀನು

ಪ್ರೀತಿಯ ಗಣಪು,

ಫೋನಲ್ಲೇ ಹೇಳಬಹುದಿತ್ತು. ಮೂರು ಸಲ ನಿನ್ನ ನಂಬರ್ ತೆಗೆದು ಮತ್ತೆ ಬಿಟ್ಟೆ. ನಿನ್ನ ದನಿ ಕೇಳಿದ ಕೂಡಲೇ ಮಳೆ, ಕೊಳೆರೋಗ, ಅಡಿಕೆ ರೇಟು ಅಂತ ಮಾತು ಎಲ್ಲೆಲ್ಲೋ ಹೋಗುತ್ತದೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಯಾಕೆ ಅಂದರೆ, ಹೋದ ವರ್ಷ ರಾತ್ರಿ ನಡಿಗೆಗೆ ಎಷ್ಟು ಜನರನ್ನು ಕರೆದೊಯ್ಯಬೇಕು ಅಂತ ನಾವಿಬ್ಬರೂ ಜಗಳ ಆಡಿದ್ದು ಎಲ್ಲರೆದುರೇ ಅಲ್ವಾ? ಮೂವತ್ತು ಜನ ಕೂತ ಮೀಟಿಂಗಿನಲ್ಲಿ ಎದ್ದು ನಿಂತು ನಿನ್ನ ಮಾತು ತಪ್ಪು ಅಂದವನು ನಾನು. ಈಗ ನಿನ್ನ ಕಿವಿಯಲ್ಲಿ ಮಾತ್ರ ಹೇಳಿದರೆ ಸರಿಯಾಗುವುದಿಲ್ಲ.

ಮೊದಲು ಊರ ಸುದ್ದಿ. ಮಳೆ ಹಿಡಿದದ್ದು ತಡ, ಹಿಡಿದ ಮೇಲೆ ಬಿಟ್ಟೇ ಇಲ್ಲ. ಅಡಿಕೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟಿದವರು ನೆಮ್ಮದಿಯಾಗಿ ಮಲಗಿದ್ದಾರೆ. ಔಷಧಿ ಹೊಡೆಯುವವರು ಮೈಲುತುತ್ತ, ಸುಣ್ಣ ಕಲಸಿಟ್ಟುಕೊಂಡು ಎರಡು ತಾಸು ಬಿಸಿಲಿಗೆ ಆಕಾಶ ನೋಡುತ್ತಿದ್ದಾರೆ. ನಿನ್ನ ದೊಡ್ಡಪ್ಪ ಆರಾಮಿದ್ದಾರೆ. ಕವಳ (ಎಲೆಅಡಿಕೆ) ಬಿಟ್ಟಿದ್ದೇನೆ ಅಂತ ಹೇಳುತ್ತಾರೆ. ನೀನು ನಂಬಬೇಡ.

ನಮ್ಮ ಸಂಸ್ಥೆಯ ಕಾಡು ನಡಿಗೆ ಜೂನ್‌ನಲ್ಲಿ ಶುರುವಾಯಿತು. ಜನವರಿಯಿಂದ ಮಳೆ ಬೀಳುವ ತನಕ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವುದೇ ಬೇಡ ಅಂತ ಈ ವರ್ಷ ಗಟ್ಟಿ ಮಾಡಿದೆವು. ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಕ್ಯಾಸನೂರಿನಲ್ಲಿ ಕಾಣಿಸಿಕೊಂಡದ್ದು ಇವತ್ತಿಗೂ ನಮ್ಮ ಸಿದ್ದಾಪುರದ ಬೆನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣ್ಣೆ (ಉಣುಗು) ಹತ್ತದ ಹಾಗೆ ಎಣ್ಣೆ ಹಚ್ಚಿಕೊಂಡು ಹೋಗಬಹುದು, ನಿಜ. ಬೇರೆಯವರ ಮಕ್ಕಳ ವಿಷಯದಲ್ಲಿ ನನಗೆ ಆ ಧೈರ್ಯ ಇಲ್ಲ. ಹಾಗಾಗಿ ನಮ್ಮದೆಲ್ಲ ಉಂಬಳದ, ಅಂದರೆ ಜಿಗಣೆಯ, ಕಾಲದ ನಡಿಗೆ. ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ನೀರು, ಕಾಲಿಗೆ ಉದ್ದ ಕಾಲುಚೀಲ. ಒಬ್ಬ ಹುಡುಗ ತನ್ನ ಕಾಲಿನ ಉಂಬಳ ಎಣಿಸಿ 14 ಅಂತ ಪುಸ್ತಕದಲ್ಲಿ ಬರೆದುಕೊಂಡ. ಪಕ್ಕದವನಿಗೆ ಬರೀ ಒಂಬತ್ತು ಅಂತ ಅವನಿಗೆ ಎಷ್ಟು ಖುಷಿ!

ಆ ದಿನ ಬಂದದ್ದು ಕನ್ನಡ ಶಾಲೆಯ 19 ಮಕ್ಕಳು. ಕತ್ತಲೆಕಾನಿನ ಕಾಡಿಗೇ ಕರೆದುಕೊಂಡು ಹೋಗುವ ಆಸೆ ಇತ್ತು. ಅದೀಗ ಸಿಂಗಳೀಕದ ಅಭಯಾರಣ್ಯಕ್ಕೆ ಸೇರಿದ್ದು, ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಅದಕ್ಕೇ ನಮ್ಮ ಕೆಳಗಿನ ರಾಮಪತ್ರೆ ಜಡ್ಡಿಗೇ, ರಾಮಪತ್ರೆ ಮರಗಳ ಆ ಜವುಗು ಕಾಡಿಗೇ, ಕರೆದೊಯ್ದೆ. ನಿನಗೆ ಗೊತ್ತಲ್ಲ, ಜವುಗಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುವ ಆ ಮೊಣಕಾಲು ಬೇರುಗಳು. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ ಅಂದೆ. ಐದನೇ ಕ್ಲಾಸಿನ ಒಂದು ಹುಡುಗಿ ತಕ್ಷಣ ಕೆಸರಲ್ಲೇ ಮಂಡಿಯೂರಿ ಕೂತು ಬೇರಿಗೆ ಕಿವಿ ಇಟ್ಟಳು. ಎಲ್ಲರೂ ಸುಮ್ಮನಾದರು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ, 'ಉಸಿರಾಡ್ತಾ ಇದೆ ಸರ್, ಆದ್ರೆ ಬಹಳ ನಿಧಾನ' ಅಂದಳು. ಹಾಗೆಲ್ಲ ಕೇಳಿಸುವುದಿಲ್ಲ ಅಂತ ನಾನು ತಿದ್ದಲಿಲ್ಲ. ಅವಳ ಕಿವಿಗೆ ಮೆತ್ತಿದ ಕೆಸರು ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಆ ಮಕ್ಕಳನ್ನು ಕರೆತರಲು ವ್ಯಾನ್ ಬೇಕು. ಶಾಲೆ 11 ಕಿಲೋಮೀಟರ್ ದೂರ. ಅವರ ಹತ್ತಿರ ನಾವು ದುಡ್ಡು ಕೇಳುವುದಿಲ್ಲ. ವ್ಯಾನಿನ ಬಾಡಿಗೆ, ಮಕ್ಕಳ ಅವಲಕ್ಕಿ, ಮಜ್ಜಿಗೆಗೆಲ್ಲ ಹಣ ಬರುವುದು ಬೆಂಗಳೂರು, ಹುಬ್ಬಳ್ಳಿಯಿಂದ ಬರುವವರ ರಾತ್ರಿ ನಡಿಗೆಯಿಂದ. ತಲೆಗೆ 600 ರೂಪಾಯಿ. ಎಂಟು ಜನಕ್ಕೆ 4,800. ಇಪ್ಪತ್ತೆರಡು ಜನಕ್ಕೆ 13,200.

ನೀನು ಎಂಟು ಅಂದಿದ್ದೆ. ಎಂಟಕ್ಕಿಂತ ಒಬ್ಬರೂ ಜಾಸ್ತಿ ಬೇಡ, ಬೆಳಕು ಮಂದ ಇರಲಿ, ಮೊಟ್ಟೆ ಇಡುವ ಹೊತ್ತಲ್ಲಿ ಹಳ್ಳಕ್ಕೆ ಇಳಿಯುವುದೇ ಬೇಡ ಅಂತ. ನೀನೀಗ ಬೆಂಗಳೂರಿನವನು, ಇಲ್ಲಿ ಸಂಸ್ಥೆ ನಡೆಸುವ ಕಷ್ಟ ನಿನಗೆ ಗೊತ್ತಿಲ್ಲ ಅಂತ ನಾನು ಅಂದೆ. ಮಕ್ಕಳನ್ನು ಬಿಟ್ಟು ಕಪ್ಪೆ ಹಿಡಿದುಕೊಂಡು ಕೂರಬೇಕಾ ಅಂತಲೂ ಅಂದೆ. ಅಂದದ್ದೆಲ್ಲ ನೆನಪಿದೆ.

ಜೂನ್ ಕೊನೆಯ ಶನಿವಾರ 22 ಜನ ಬಂದರು. ಅದರಲ್ಲಿ ಮೂವರು ನಿನ್ನ ಆಫೀಸಿನವರೇ. ಒಳ್ಳೆಯ ಜನ, ಹೇಳಿದ ಮಾತೆಲ್ಲ ಕೇಳಿದರು. ಯಾವಾಗಲೂ ಹೇಳುವ ಹಾಗೆ ಅಪ್ಪಿಕೋ ಚಳವಳಿಯ ಕಥೆಯಿಂದಲೇ ಶುರು ಮಾಡಿದೆ. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಕಡೆಯವರು ಕಾಡಿಗೆ ಹೋಗಿ ಮರಕ್ಕೂ ಕೊಡಲಿಗೂ ನಡುವೆ ನಿಂತದ್ದು, ಆ ಮಣ್ಣಿನವರು ನಾವು, ಅಂತೆಲ್ಲ. ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ತೋಟದ ಕೆಳಗಿನ ಹಳ್ಳಕ್ಕೆ ಇಳಿದೆವು. ಕುಂಬಾರ ಕಪ್ಪೆ ಸಿಕ್ಕಿತು. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ, ನಮ್ಮ ಸೀಮೆಯ ಹೆಮ್ಮೆ ಅದು. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಾಗ ನಮ್ಮ ಮಾತನ್ನೇ ತೆಗೆದುಕೊಂಡರು, ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ. ಹೆಣ್ಣು ನೀರಿನ ಮೇಲಕ್ಕೆ ಬಾಗಿದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಮುಂದಿನ ಕೆಲಸ ಗಂಡಿನದು. ಅದು ಹಳ್ಳದ ತಳದಿಂದ ಮಣ್ಣು ತೆಗೆದು, ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಕೈಯಿಂದ ಮೊಟ್ಟೆಯ ಮೇಲೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಇರಬಹುದು.

ನಾವು ನೋಡಿದಾಗ ಅದು ಆ ಕೆಲಸದಲ್ಲೇ ಇತ್ತು. ಗಣಪು, ಇಷ್ಟು ವರ್ಷದಲ್ಲಿ ಈ ಕೆಲಸ ನಾನು ನೋಡಿದ್ದು ಎರಡನೇ ಸಲ. ಕೈಬೆರಳ ನಡುವೆ ಮಣ್ಣು, ಹೊಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು. ಒಂದು ಸಲ ಮೆತ್ತಿತು. ತಿರುಗಿ ನೀರಿಗೆ ಕೈ ಹಾಕಿತು. ಮತ್ತೆ ಎದ್ದು ನಿಂತಿತು. ಅಜ್ಜಿ ಒಲೆ ಸಾರಿಸುವಾಗ ಅಂಗೈಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರಲ್ಲ, ಅದೇ ಥರ. ಮುಂದಿದ್ದ ಏಳೆಂಟು ಜನಕ್ಕೆ ಸರಿಯಾಗಿ ಕಂಡಿತು. ಹಿಂದಿದ್ದವರಿಗೆ ಕಾಣಲಿಲ್ಲ. ಕಾಣ್ತಿಲ್ಲ ಸರ್, ಕಾಣ್ತಿಲ್ಲ ಸರ್ ಅಂದರು. ಅಷ್ಟು ದೂರದಿಂದ ದುಡ್ಡು ಕೊಟ್ಟು ಬಂದವರು. ಸರಿ, ಟಾರ್ಚ್ ಹಾಕಿ ಅಂದೆ. ನಾನೇ ಅಂದೆ. ಒಂದು, ಎರಡು, ಆಮೇಲೆ ಎಲ್ಲ ಟಾರ್ಚು ಒಟ್ಟಿಗೆ. ಹಳ್ಳ ಹಗಲಿನ ಹಾಗಾಯಿತು.

ಕಪ್ಪೆ ಎತ್ತಿದ ಕೈ ಹಾಗೇ ಹಿಡಿದು ನಿಂತುಬಿಟ್ಟಿತು. ಎಲ್ಲರೂ ಫೋಟೋ ತೆಗೆದರು. ನಾನೂ ತೆಗೆದೆ. ಆಮೇಲೆ ಅದು ಕಲ್ಲಿನ ಸಂದಿಗೆ ಹೋಯಿತು. ಮೊಟ್ಟೆಯ ಅರ್ಧ ಭಾಗಕ್ಕೆ ಮಣ್ಣು, ಇನ್ನರ್ಧ ಹಾಗೇ ಬರಿದು. ಈಗ ಬರುತ್ತೆ ನೋಡಿ, ಕೆಲಸ ಮುಗಿಸುತ್ತೆ ಅಂತ ಹೇಳಿ ಎಲ್ಲರನ್ನೂ ಮೇಲೆ ಕರೆದುಕೊಂಡು ಬಂದೆ. ಬಿಸಿ ಬಿಸಿ ಕಷಾಯ ಕುಡಿದೆವು. ಜನ್ಮದಲ್ಲಿ ಇಂಥದ್ದು ನೋಡಿರಲಿಲ್ಲ ಅಂತ ಒಬ್ಬರು ನನ್ನ ಕೈ ಹಿಡಿದುಕೊಂಡರು.

ಮರುದಿನ ಸಂಜೆ ಒಬ್ಬನೇ ಹೋದೆ. ಕೊಡೆ ಹಿಡಿದುಕೊಂಡು, ಚಿಕ್ಕ ಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಂಡು. ಅದೇ ಕಡ್ಡಿ, ಅದೇ ಮೊಟ್ಟೆ. ಅರ್ಧ ಮಣ್ಣು, ಅರ್ಧ ಬರಿದು. ರಾತ್ರಿಯಿಡೀ, ಹಗಲಿಡೀ ಅದು ವಾಪಸ್ ಬಂದಿರಲಿಲ್ಲ. ಬುಧವಾರ ಹೋದಾಗ ಬರಿದಾಗಿದ್ದ ಕಡೆ ಏನೂ ಇರಲಿಲ್ಲ. ಮಣ್ಣು ಮೆತ್ತಿದ ಕಡೆ ನಾಕೈದು ಮೊಟ್ಟೆ ಉಳಿದಿದ್ದವು.

ಏಡಿ ತಿಂದಿರಬಹುದು. ಮಳೆಗೆ ಹೋಗಿರಬಹುದು. ನಮ್ಮಿಂದಲೇ ಹೀಗಾಯಿತು ಅಂತ ಯಾರೂ ಸಾಬೀತು ಮಾಡಲಾರರು. ಆದರೆ ಅದರ ಕೈ ನಿಂತದ್ದನ್ನು ನಾನು ನೋಡಿದ್ದೇನೆ. ಯಾವ ಬೆಳಕಿಗೆ ನಿಂತಿತು ಅನ್ನುವುದೂ ಗೊತ್ತು. ಮರಕ್ಕೂ ಕೊಡಲಿಗೂ ನಡುವೆ ನಿಂತವರ ಕಥೆ ಹೇಳಿ ಒಂದು ತಾಸೂ ಆಗಿರಲಿಲ್ಲ. ಅಡ್ಡ ನಿಲ್ಲಬೇಕಾದವನು ನಾನು. ನಾನೇ ಟಾರ್ಚು ಹಾಕಿಸಿದೆ.

ಇಷ್ಟನ್ನೇ ಹೇಳಬೇಕು ಅಂತ ಬರೆಯಲು ಕೂತಿದ್ದು. ಇನ್ನೊಂದಿದೆ. ಆ ಫೋಟೋ, ಎರಡೂ ಕೈ ಎತ್ತಿ ನಿಂತ ಕಪ್ಪೆ, ನೀನೂ ಹಾರ್ಟ್ ಒತ್ತಿದೆಯಲ್ಲ, ಅದನ್ನು ನಾನು ಹಾಕಿದ್ದು ಸೋಮವಾರ. ಭಾನುವಾರ ಸಂಜೆ ಬರಿದಾದ ಮೊಟ್ಟೆ ನೋಡಿ ಬಂದ ಮೇಲೆ. ಗೊತ್ತಿದ್ದೂ ಹಾಕಿದೆ. 'ನಮ್ಮ ಹಳ್ಳದ ಕುಂಬಾರ ಕೆಲಸದಲ್ಲಿ' ಅಂತ ಬರೆದೆ. ಅದು ಕೆಲಸ ಮಾಡುತ್ತಿದ್ದ ಫೋಟೋ ಅಲ್ಲ, ನಮ್ಮ ಬೆಳಕಿಗೆ ಹೆದರಿ ಕೆಲಸ ನಿಲ್ಲಿಸಿದ ಗಳಿಗೆಯ ಫೋಟೋ. ಅದನ್ನು ನೋಡಿ ಮುಂದಿನ ನಡಿಗೆಗೆ 31 ಜನ ಹೆಸರು ಕೊಟ್ಟರು. ಅಷ್ಟೂ ಹೆಸರು ಬರೆದುಕೊಂಡೆ.

ವ್ಯಾನಿಗೆ ದುಡ್ಡು ಬೇಕಿತ್ತು ಅನ್ನುವುದು ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ನೀನು ಹೋದ ಮೇಲೆ ಈ ನಡಿಗೆ ನಿಂತುಹೋಗುತ್ತದೆ ಅಂತ ಊರಲ್ಲಿ ಹಲವರು ಅಂದಿದ್ದರು. ನಿಲ್ಲುವುದಿಲ್ಲ, ನಿನಗಿಂತ ದೊಡ್ಡದಾಗಿ ಮಾಡುತ್ತೇನೆ ಅಂತ ಮನಸ್ಸಿನಲ್ಲಿ ಇತ್ತು. ಜನ ಹೆಚ್ಚಿದಷ್ಟೂ ನಿನ್ನ ಎಂಟು ತಪ್ಪು ಅಂತ ಆಗುತ್ತಿತ್ತು. ನಿನ್ನ ಮೇಲೆ ನನಗೆ ಅಷ್ಟು ಸಿಟ್ಟಿತ್ತು ಅಂತ ನನಗೇ ಗೊತ್ತಿರಲಿಲ್ಲ ಮಾರಾಯ. ಊರು ಬಿಟ್ಟು ಹೋದೆಯಲ್ಲ, ಅದಕ್ಕೆ. ಕಪ್ಪೆಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಬರೆದಾಯಿತು, ಇನ್ನು ಅಳಿಸುವುದಿಲ್ಲ. ಆ ಫೋಟೋ ತೆಗೆದುಹಾಕಿದ್ದೇನೆ. ಆ ರಾತ್ರಿ ಬಂದಿದ್ದವರು ಇದನ್ನು ಓದುತ್ತಿದ್ದರೆ, ನಿಮ್ಮದೇನೂ ತಪ್ಪಿಲ್ಲ. ಹಾಕಿ ಅಂದದ್ದಕ್ಕೆ ಟಾರ್ಚು ಹಾಕಿದಿರಿ. 31 ಜನಕ್ಕೂ ನಾನೇ ಫೋನ್ ಮಾಡಿ, ಈ ಮಳೆಗಾಲ ಹಳ್ಳಕ್ಕೆ ಇಳಿಯುವುದಿಲ್ಲ ಅಂತ ಹೇಳಿದೆ. ಒಂಬತ್ತು ಜನ, ಪರವಾಗಿಲ್ಲ, ಹಳ್ಳ ಬಿಟ್ಟು ಬೇರೆ ಏನಿದ್ದರೂ ಬರುತ್ತೇವೆ ಅಂದರು.

ಅವರನ್ನು ಹೋದ ಶನಿವಾರ ಎರಡು ಗುಂಪು ಮಾಡಿ ರಸ್ತೆ ಪಕ್ಕದ ಮೋರಿಕಟ್ಟೆಯ ಮೇಲೆ ಕೂರಿಸಿದೆ. ಬೆಳಕಿಲ್ಲ. ಮಾತಿಲ್ಲ. ಸುಮ್ನೆ ಮುಕ್ಕಾಲು ತಾಸು. ಮೊದಲು ಮಳೆಹನಿ ಮಾತ್ರ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಪೊದೆಯಿಂದ ಟಿಕ್ ಟಿಕ್ ಅಂತ ಮರಗಪ್ಪೆ, ದೂರದ ಗದ್ದೆಯಿಂದ ವಟವಟ, ಇನ್ನೂ ಕೆಳಗಿನಿಂದ, ನಮ್ಮ ಹಳ್ಳದ ಕಡೆಯಿಂದ, ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗೆ. ಅದೇ ಕಪ್ಪೆಯೋ ಬೇರೆಯದೋ, ನೋಡಲು ಹೋಗಲಿಲ್ಲ. ಹುಬ್ಬಳ್ಳಿಯಿಂದ ಬಂದ ಒಬ್ಬರು ಏಳು ದನಿ ಎಣಿಸಿದೆ ಅಂದರು. ನನಗೆ ಆರೇ ಸಿಕ್ಕಿದ್ದವು. ಏಳನೆಯದು ಯಾವುದು ಅಂತ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರನ್ನೇ ಕೇಳುತ್ತಾ ಬಂದೆ.

ವ್ಯಾನಿನ ದುಡ್ಡಿನ ಕಥೆ ಇನ್ನೂ ಬಗೆಹರಿದಿಲ್ಲ. ಆಗಸ್ಟ್‌ನ ಎರಡು ಭಾನುವಾರಕ್ಕೆ ಇದೆ, ಆಮೇಲೆ ಇಲ್ಲ. ಶಾಲೆಯ ಹಿಂದೆಯೇ ಒಂದು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದೆ, ಅದರ ಹಕ್ಕಿರುವವರು ಒಪ್ಪಿದರೆ ಮಕ್ಕಳು ಇಲ್ಲಿಗೆ ಬರುವ ಬದಲು ನಾವೇ ಅಲ್ಲಿಗೆ ಹೋಗಬಹುದು. ಅವರು ನಿನ್ನ ಅತ್ತೆ ಮನೆ ಕಡೆಯವರು. ನೀನು ಒಂದು ಮಾತು ಹೇಳಬೇಕು. ಚೌತಿಗೆ ಬರುತ್ತೀಯಲ್ಲ, ಒಂದು ದಿನ ಜಾಸ್ತಿ ಇರು. ಮರುದಿನ ಮೀಟಿಂಗ್ ಇಟ್ಟಿದ್ದೇನೆ. ಹೋದ ಸಲ ಕೂತ ಜಾಗದಲ್ಲೇ ನೀನು ಕೂತುಕೋ. ಮೊದಲು ನಾನು ಮಾತಾಡುತ್ತೇನೆ.

ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಚೆನ್ನಾಗಿ ಬಂದಿದೆ. ಅಮ್ಮ ನಿನಗೆ ಅಂತ ಒಂದು ಜಾಡಿ ಬೇರೆ ಇಟ್ಟಿದ್ದಾಳೆ, ಮುಚ್ಚಳದ ಮೇಲೆ ನಿನ್ನ ಹೆಸರೂ ಬರೆದಿದ್ದಾಳೆ, ನನಗೆ ಮುಟ್ಟಲು ಬಿಡುತ್ತಿಲ್ಲ. ನೀನು ಬಂದ ದಿನ ಅಪ್ಪೆಹುಳಿ ಇದ್ದೇ ಇರುತ್ತದೆ. ಲೋಟದಲ್ಲಿ ಕುಡಿಯುವವರು ಯಾರು, ಅನ್ನಕ್ಕೆ ಹಾಕಿಕೊಳ್ಳುವವರು ಯಾರು ಅನ್ನುವ ಹಳೇ ವ್ಯಾಜ್ಯ ಆವತ್ತೇ ತೀರಲಿ.

ಬರುವಾಗ ನಿನ್ನ ಕೆಂಪು ಗಾಜಿನ ಬ್ಯಾಟರಿ ತೆಗೆದುಕೊಂಡು ಬಾ. ನನ್ನದಕ್ಕೆ ಸುತ್ತಿದ ಕಾಗದ ಮಳೆಗೆ ಕರಗಿ ಬಣ್ಣವೆಲ್ಲ ಕೈಗೆ ಹತ್ತಿದೆ.

ನಿನ್ನ,
ಕೆಳಗಿನಮನೆ